ಸುರೇಖಾಳ ಮದುವೆಯಾಗುವ ತನಕ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಸಭಾಪಾಲಕರೇ, ಇಂಡಿಯಿಂದ, ಮುದ್ದೇಬಿಹಾಳದಿಂದ ಬಿಸಿಲಲ್ಲಿ ಬಸ್ಸು ಹಿಡಿದು ಬಂದಿರುವ ಅತಿಥಿಗಳೇ, ನಮ್ಮ ಸಿಂದಗಿ ಪ್ರಾರ್ಥನಾಲಯದ ಹಿರಿಯರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಇಂದು ಬೆಳಿಗ್ಗೆ ದೀಕ್ಷಾಸ್ನಾನ ಪಡೆದವರಲ್ಲಿ ಎಲ್ಲರಿಗಿಂತ ಹಿರಿಯಳೆಂದು ಈ ಸುಂದರವ್ವನಿಗೆ ಹಾರ ಹಾಕಿದ್ದೀರಿ, ಮೈಕು ಕೊಟ್ಟಿದ್ದೀರಿ. ದೇವರ ರಾಜ್ಯಕ್ಕೆ ಸಿದ್ಧರಾಗುವುದರ ಕುರಿತು ನಾಲ್ಕು ಮಾತಾಡಿರೆಂದು ಸಭಾಪಾಲಕರ ಅಪ್ಪಣೆ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನನ್ನ ನಾಲ್ಕು ಮಾತು ನಾಲ್ಕಕ್ಕೇ ಮುಗಿಯುತ್ತದೆಂದು ಅವರು ನಂಬಿದ್ದರೆ ತಪ್ಪು ಅವರದು.

ದೀಪ ಹಿಡಿದು ಮದಲಿಂಗನಿಗಾಗಿ ಕಾದ ಹತ್ತು ಮಂದಿ ಕನ್ನಿಕೆಯರ ಸಾಮ್ಯದ ಕಥೆ ನಿಮಗೆ ಗೊತ್ತಿದೆ. ಐವರ ಬಳಿ ಎಣ್ಣೆ ಇತ್ತು, ಒಳಗೆ ಹೋದರು; ಐವರ ಬಳಿ ಇರಲಿಲ್ಲ, ಬಾಗಿಲು ಮುಚ್ಚಿತು. ಸರಿ. ಆದರೆ ಎಣ್ಣೆ ತುಂಬಿಕೊಂಡು ಹೊರಟವಳ ಸೆರಗನ್ನು ಮನೆಯವರೇ ಹಿಡಿದು, ಈಗ ಬೇಡ ತಡೆ ಎಂದಿದ್ದರೆ? ಅಂಥವಳ ಗತಿ ಏನು? ಇದನ್ನು ಯಾವ ಪ್ರಸಂಗಿಯೂ ನನಗೆ ಹೇಳಿಲ್ಲ.

ನಮ್ಮ ಮನೆಯವರು ಶಂಕ್ರೆಪ್ಪ, ಬಸ್‌ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದವರು, ನಿಮಗೆಲ್ಲ ಪರಿಚಿತರೇ. ಈ ಸಭಾಂಗಣದ ಫ್ಯಾನು ಕೆಟ್ಟಿದೆಯೆಂದು ಒಂದು ಭಾನುವಾರ ಬಂದವರು, ಫ್ಯಾನು ತಿರುಗಿದ ಮೇಲೂ ಏಣಿ ಇಳಿಯಲಿಲ್ಲವಂತೆ. ಪ್ರಸಂಗ ಮುಗಿಯುವ ತನಕ ಮೇಲೆಯೇ ಕುಳಿತು ಕೇಳಿದರಂತೆ. ಅಲ್ಲಿಂದ ಬಾಯಲ್ಲಿ ಬೈಗುಳ ನಿಂತಿತು, ತಮ್ಮನ ಜೊತೆಗಿನ ಬದುವಿನ ಜಗಳ ನಿಂತಿತು. ನಾನೂ ಹಿಂದೆ ಬರತೊಡಗಿದೆ. ಭಕ್ತಿಯಿಂದಲ್ಲ, ಗಂಡ ಹೋಗುವುದೆಲ್ಲಿಗೆಂದು ನೋಡಲು. ಸುಳ್ಳೇಕೆ ಹೇಳಲಿ?

ಒಂದು ಸಂಜೆ ಕೇಳಿದರು. ಅವರು ಮನೆಯಲ್ಲೂ ನನ್ನನ್ನು ಚೇಷ್ಟೆಗೆ, ಶಾಲೆಯ ಮಕ್ಕಳಂತೆ, ಅಕ್ಕೋರೆಂದೇ ಕರೆಯುತ್ತಿದ್ದರು.

“ಅಕ್ಕೋರ, ನಾ ದೀಕ್ಷಾಸ್ನಾನ ತಗೋಬೇಕಂತ ಮಾಡೇನಿ. ಏನಂತೀರಿ?”

“ಸುರೇಖಾನ ಲಗ್ನ ಆಗಲಿ ತಡೀರಿ. ಬೀಗರಿಗೆ ಗೊತ್ತಾದ್ರ ನಮ್ಮ ಹುಡಿಗೀನ ಯಾರ ತಗೋತಾರ? ದೇವರೇನ ಎಲ್ಲೂ ಓಡಿ ಹೋಗೂದಿಲ್ಲ.”

“ದೇವರು ಓಡಿ ಹೋಗೂದಿಲ್ಲ ಬಿಡ್ರಿ,” ಎಂದು ನಕ್ಕರು.

ಆಗ ಮಗಳು ಇನ್ನೂ ಕಾಲೇಜು ಮುಗಿಸಿರಲಿಲ್ಲ! ಓದು ಮುಗಿಯಿತು, ವರಗಳು ಬಂದವು, ಹೋದವು. ಇಲ್ಲಿ ಪ್ರತಿ ತಿಂಗಳು ಕರ್ತನ ಭೋಜನದ ರೊಟ್ಟಿ ಹಂಚುವ ಹೊತ್ತಿಗೆ, ದೀಕ್ಷಾಸ್ನಾನವಾಗದವರಿಗೆ ಅದಿಲ್ಲವಲ್ಲ, ನಮ್ಮವರು ಮೆಲ್ಲಗೆ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ನಿಮ್ಮೆಲ್ಲರ ಚಪ್ಪಲಿ ಜೋಡಿಸುತ್ತ ನಿಲ್ಲುತ್ತಿದ್ದರು. ಸಭಾಪಾಲಕರು ಯಾವಾಗಪ್ಪಾ ಎಂದರೆ, “ನಮ್ಮಾಕೀನ್ನ ಕೇಳಿ ಹೇಳ್ತೇನ್ರಿ” ಎನ್ನುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ ಕೇಳಿಸದವಳಂತೆ ಕುಳಿತಿರುತ್ತಿದ್ದೆ.

ಕಡೆಗೂ ಕನ್ನೊಳ್ಳಿಯ ಸಂಬಂಧ ಕೂಡಿ ಬಂತು. ಲಗ್ನದ ಮರುವಾರವೇ ದೀಕ್ಷಾಸ್ನಾನ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಅದಕ್ಕೆಂದೇ ಅವರು ಬಿಳಿ ಅಂಗಿ ಹೊಲಿಸಿದರು. ಲಗ್ನ ಇನ್ನೂ ದೂರವಿತ್ತು. ಅಂಗಡಿಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ. ಆ ಅಂಗಿಯಲ್ಲೇ ಕಳಿಸಿದೆವು.

ಮಣ್ಣಿನ ದಿನ ಸಭಾಪಾಲಕರು ಬಂದರು. ಅವರ ಹತ್ತಿರ ಹೋಗಿ, “ಬೀಗರು ಬಂದಾರ್ರಿ, ಇಲ್ಲೆ ಪ್ರಾರ್ಥನಿ ಬ್ಯಾಡ್ರಿ,” ಎಂದೆ. ಗಂಡನ ಹೆಣ ಮುಂದಿದ್ದಾಗಲೂ ನನ್ನ ಬುದ್ಧಿ ಅಲ್ಲೇ ಇತ್ತು ನೋಡಿ! ಅವರು ಬೇವಿನ ಮರದ ಕೆಳಗೆ ಹೋಗಿ ನಿಂತರು.

ಬೀಗರು ಧೂಳಪ್ಪನವರು ನನ್ನ ಬಳಿ ಬಂದರು.

“ಅಕ್ಕೋರ, ಪಾಸ್ಟರ್ರು ಯಾಕ ದೂರ ನಿಂತಾರ? ಕರೀರಿ ಅವರನ್ನ. ನಮಗೆಲ್ಲಾ ಗೊತ್ತೈತಿ. ಸಿಂದಗ್ಯಾಗ ವಿಚಾರಸೇ ಸಂಬಂಧ ಹಿಡದೇವಿ. ಪ್ರಾರ್ಥನಿಗೆ ಹೋಗಾಕತ್ತಿದ ಮ್ಯಾಲೆ ಶಂಕ್ರೆಪ್ಪ ಬಾಳ ಛಲೋ ಮನಶ್ಯಾ ಆದ ಅಂದ್ರು. ಅದಕ್ಕ ಅವರ ಮಗಳನ್ನ ಬೇಡಿದ್ವಿ.”

ತಾವೇ ಹೋಗಿ ಸಭಾಪಾಲಕರ ಕೈಹಿಡಿದು ಕರೆತಂದರು. ನಾನು ಯಾರಿಗೆ ಹೆದರಿ ಗಂಡನನ್ನು ತಡೆದೆನೋ ಅವರೇ ತಲೆಯ ರುಮಾಲು ತೆಗೆದು ಪ್ರಾರ್ಥನೆಗೆ ನಿಂತರು. ಅಯ್ಯೋ, ಸಭಿಕರೇ, ಆ ಹೊತ್ತು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುರೇಖಾ ಆ ಮನೆಯಲ್ಲಿ ಸುಖವಾಗಿದ್ದಾಳೆ. ದೇವರು ಮನಸ್ಸು ನೋಡುತ್ತಾನೆ, ಶಂಕ್ರೆಪ್ಪನನ್ನು ಕೈಬಿಡುವುದಿಲ್ಲ ಎಂದು ಸಭಾಪಾಲಕರು ಧೈರ್ಯ ಹೇಳುತ್ತಾರೆ. ನಮ್ಮವರ ಬಗ್ಗೆ ನನಗೂ ಚಿಂತೆಯಿಲ್ಲ. ಆದರೆ ಅವರ ಆಸೆಯೊಂದನ್ನು ನಾನು ತಿಂದೆ, ಅದು ಸುಳ್ಳಾಗುತ್ತದೆಯೇ?

ಬೆಳಿಗ್ಗೆ ನೀರಿನಿಂದ ಎದ್ದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಅಳುತ್ತಿದ್ದುದನ್ನು ಕಂಡು ಸಂತೋಷಕ್ಕೆ ಎಂದುಕೊಂಡಿರಿ. ಅಲ್ಲ. ನೀರು ಸೊಂಟದ ಮಟ್ಟಕ್ಕಿತ್ತು. ಇಳಿದೆ, ಮುಳುಗಿಸಿದರು, ಎದ್ದೆ. ಒಂದು ಲೋಟ ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟೇನಾ! ಇಷ್ಟಕ್ಕೆ ನಾನು ಆ ಮನುಷ್ಯನನ್ನು ಸಾಯುವ ತನಕ ಕಾಯಿಸಿದೆ.

ನನ್ನ ನಾಲ್ಕು ಮಾತು ಮುಗಿದವು. ಕೂತು ಕೇಳಿದ ನಿಮ್ಮ ತಾಳ್ಮೆಗೆ ಕೃತಜ್ಞಳು. ಎಲ್ಲರಿಗೂ ನನ್ನ ನಮಸ್ಕಾರ.