ಎರಡು ಅಳತೆ

ತಡಿಯೇ, ತಡಿ! ಸೇವ್ ಒತ್ತಬ್ಯಾಡ! ಬಿಡು ಕೈ... ಯಾವ ಅಳತೆ ತಿದ್ದಿದೆ ನೀನೀಗ? ಕಂಪ್ಯೂಟರಿನಾಗೆ ಮ್ಯಾಲೆ ಹೆಸರು ನೋಡಿದ್ಯಾ? ನೋಡದೆ ಒತ್ತಬಾರದು ಶ್ರಾವಣಿ. ಈ ರಾಯದುರ್ಗದ ಜೀನ್ಸ್ ಫ್ಯಾಕ್ಟರಿನಾಗೆ ನಾನು ಕಲ್ತಿದ್ದು ಅದೊಂದೇ.

ಇನ್ನೊಂದ್ಸಲ ಹೇಳ್ತೀನಿ. ಬಳ್ಳಾರಿ ಸೇಟು ಕಳಿಸೋದು ದೊಡ್ಡೋರ ಪ್ಯಾಂಟಿನ ಅಳತೆ. ಹಿಂದೂಪುರದೋರದು ಇಸ್ಕೂಲ್ ಹುಡುಗ್ರ ಪ್ಯಾಂಟು. ಫೋಲ್ಡರು ಬ್ಯಾರೆ ಬ್ಯಾರೆ. ಒಳಗಿರೋ ಫೈಲಿನ ಹೆಸರು ಮಾತ್ರ ಎರಡಕ್ಕೂ ‘ಅಳತೆ’ನೇ! ಏನು? ಹೆಸರು ಬದಲಾಯಿಸಿದ್ರೆ ಆಗಲ್ವಾ ಅಂತೀಯಾ? ಆಗಲ್ಲ ಕಣೇ. ಕಟಿಂಗ್ ಮೆಷೀನು ಆ ಹೆಸರಿದ್ರೇನೇ ತಗಳೋದು.

ಮೊದ್ಲು ಎರಡೂ ಒಟ್ಟಿಗೆ ತೆರೆದ್ರೆ ಏನಾಗ್ತಿತ್ತು ಗೊತ್ತಾ? ಮುಂಚೆ ತೆರೆದಿದ್ದು ಬರೀ ‘ಅಳತೆ’. ಆಮ್ಯಾಲೆ ತೆರೆದಿದ್ದಕ್ಕೆ ಪಕ್ಕದಾಗೆ ಒಂದು ‘2’ ಅಂಟಿಸ್ತಿತ್ತು. ಇವತ್ತು ಬಳ್ಳಾರಿ ಎರಡನೇದು, ನಾಳೆ ಹಿಂದೂಪುರ ಎರಡನೇದು! ಒಂದಿನ ಹುಡುಗ್ರ ಕಾಲುದ್ದನ ದೊಡ್ಡೋರ ಅಳತೆಗೆ ಹಾಕಿ ಸೇವ್ ಹೊಡೆದೆ. ಕಟಿಂಗ್ ಮಾಸ್ಟ್ರು ಸಂಜೀವಪ್ಪನೋರು ಬಟ್ಟೆ ಎತ್ತಿ ಹಿಡಿದು, “ಏನ್ರೀ ಹೇಮಾ, ಇದು ಚಡ್ಡಿ ಏನ್ರಿ, ಪ್ಯಾಂಟ್ ಏನ್ರಿ?” ಅಂದ್ರು... ಯಾಕೆ ನಗ್ತೀಯೇ? ನಗು, ನಗು. ಅವತ್ತು ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಅತ್ತಿದ್ದೆ ನಾನು.

ಆಮ್ಯಾಲೆ ಹುಡುಕಿ ಹುಡುಕಿ ಈ ಸೆಟ್ಟಿಂಗ್ ಮಾಡಿದೆ. ಹೆಸರಿನ ಪಕ್ಕ ಫೋಲ್ಡರೂ ತೋರಿಸ್ತೈತೆ. ಓದು... ‘ಅಳತೆ, ಬಳ್ಳಾರಿ.’ ಹಾಂ. ‘ಅಳತೆ, ಹಿಂದೂಪುರ.’ ಹಾಂ! ಬಂತು ನೋಡು ನಿಂಗೆ. ಇದು ಗೊತ್ತಿರೋಳು ನಾನೊಬ್ಬಳೇ ಅಂತ್ಲೇ ಓನರು ನನ್ನ ಹಿಡ್ಕಂಡು ಕೂತಿದ್ದು. ಅವನು ಅಂದಿದ್ದು, “ಇನ್ನೊಬ್ಬಾಕೀಗೆ ಕಲಿಸವ್ವ, ಆಮ್ಯಾಲ...”

ಏನಿಲ್ಲ. ಆಮ್ಯಾಲೆ ಏನೂ ಇಲ್ಲ. ಓದು, ಇನ್ನೊಂದ್ಸಲ ಓದು.

ಇಲ್ಲೇನು ಕಷ್ಟ ಇಲ್ಲ ಕಣೇ. ಹಾಸ್ಟೆಲ್ನಾಗೆ ಊಟ ಹಾಕ್ತಾರೆ, ಫ್ಯಾನ್ ಐತೆ. ಗೇಟು... ಗೇಟು ಭಾನುವಾರ ಬಿಡ್ತಾರೆ. ಒಂದೊಂದು ಭಾನುವಾರ. ಅಭ್ಯಾಸ ಆಗ್ತೈತೆ. ನಂಗೂ... ನಂಗೂ ಆಗ್ತಿತ್ತೇನೋ, ಮಗಳು ಇಲ್ದಿದ್ರೆ. ಹೋದ್ಸಲ ಊರಿಗೆ, ಅಮರಾಪುರಕ್ಕೆ ಹೋದಾಗ ಅಜ್ಜಿ ಸೆರಗಿನ ಹಿಂದೆ ಅವಿತ್ಕಂಡ್ಳು. “ಇವಳು ಯಾರು ಹೇಳು” ಅಂದ್ರೆ “ಬಸ್ಸಿನ ಅಕ್ಕ” ಅಂದ್ಲು. ಬಸ್ಸಿನ ಅಕ್ಕ! ಹೆತ್ತೋಳು ನಾನು...

ಯಾಕೆ ಮೌಸಿನ ಮ್ಯಾಲಿಂದ ಕೈ ತೆಗೆದೆ?

ಏನಾದ್ರೂ ಕೇಳೇ. ಫೈಲ್ ಬಗ್ಗೆ ಕೇಳು. ಹಂಗೆ ನೋಡಬ್ಯಾಡ. ನಾನೇನು ಸುಳ್ಳು ಹೇಳಿಲ್ಲ. ಕೆಲಸ ಐತೆ ಅಂದೆ, ಐತೆ. ನಾನಿರ್ತೀನಿ ಅಂದೆ... ಅಂದೆ, ಹೌದು. ಅಂದಿಲ್ದಿದ್ರೆ ನಿಮ್ಮವ್ವ, ದ್ಯಾಮಮ್ಮ ಚಿಕ್ಕಮ್ಮ, ನಿನ್ನ ಅಗಳಿ ಊರು ಬಿಟ್ಟು ಕಳಿಸ್ತಿದ್ಲಾ?

ಶ್ರಾವಣೀ...

ಸರಿ. ಬೆಳಗ್ಗೆ ನಿನ್ನ ಮಾರ್ಕ್ಸ್ ಕಾರ್ಡ್ ಈಸ್ಕಂಡು ಓನರಿಗೆ ಕೊಟ್ನಲ್ಲ... ಅದನ್ನ ಬೀರುವಿನಾಗಿಟ್ಟು ಬೀಗ ಹಾಕಿದ. ಹಾಕೋಕೆ ಮುಂಚೆ ನನ್ನದು ತೆಗೆದು ಕೊಟ್ಟ. ಅದೇ ಒಪ್ಪಂದ. ಇನ್ನೊಬ್ಬಳು ಬಂದ್ರೆ ಒಬ್ಬಳಿಗೆ ಬಿಡುಗಡೆ. ಯಾರನ್ನ ಕರೀಲಿ ಹೇಳು? ಯಾರು ನನ್ನ ನಂಬಿ ಬರ್ತಿದ್ರು, ನಿನ್ನ ಬಿಟ್ರೆ?

ಆಟೋ ಬಂದೈತೆ ಕಣೇ, ಗೇಟಿನ ಹತ್ರ. ಬೈಯೇ. ಒಂದು ಹೊಡಿ ಬೇಕಾದ್ರೆ. ಸುಮ್ನಿರಬ್ಯಾಡ... ಹೋಗಲಾ? ಶ್ರಾವಣಿ, “ಹೋಗಕ್ಕ” ಅಂತ ಒಂದು ಮಾತು ಅನ್ನೇ.

ಹೋಗಲಾ?