ಹಾಲು ಉಕ್ಕದ ಒಲೆ

ನಗಬೇಡ ಪುಟ್ಟಿ. ನೀನು ಗ್ಯಾಸ್ ಕಂಪನಿಯ ಇಂಜಿನಿಯರ್ ಆಗಿ ಇನ್ನೂ ವರ್ಷ ತುಂಬಿಲ್ಲ. ನಿನ್ನ ತಾತ ದೊಡ್ಡ ಗ್ಯಾಸ್ ಲೈನಿಗೆ ಕಾವಲಿದ್ದೇ ಅರ್ಧ ಆಯುಷ್ಯ ಸವೆಸಿದವನು. ಓದು ಬರಹ ಇಲ್ಲ, ಒಪ್ಪಿದೆ. ಆದರೆ ಪೈಪಿಗೆ ಕಿವಿಯಿಟ್ಟು ಒತ್ತಡ ಎಷ್ಟು ಇಳಿದಿದೆ ಅಂತ ಹೇಳ್ತಿದ್ದೆ. ಪೈಪು ಅಂದರೆ ಅದು ಪೈಪು! ಒಳಗೆ ಎಮ್ಮೆ ತಲೆ ಬಗ್ಗಿಸದೆ ನಡೆಯಬಹುದಿತ್ತು. ರಿಪೇರಿ ದಿನ ನನ್ನ ಟೋಪಿ ಒಳಗೆ ಬಿತ್ತು. ನಾನು ಬಸ್ಸು ಹಿಡಿದು ಮುಂದಿನ ಊರಿಗೆ ಹೋಗೋಷ್ಟರಲ್ಲಿ ಟೋಪಿ ಅಲ್ಲಿ ಬಂದು ಕೂತಿತ್ತು... ಇಸ್ತ್ರಿಯಾಗಿ.

ಹೋದ ಸಲ ಚಪ್ಪಲಿ ಅಂದಿದ್ದೆನಾ? ಚಪ್ಪಲೀನೂ ಬಿದ್ದಿತ್ತು.

ಇರಲಿ, ನಿನ್ನ ಕಷ್ಟಕ್ಕೆ ಬರೋಣ. ಒತ್ತಡ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕೋಕೆ ದೂರ ಹೋಗೋ ದಪ್ಪ ಪೈಪಿಗೆ ಒಂದು ಸೂತ್ರ, ಬೀದಿಯ ಸಣ್ಣ ಪೈಪಿಗೆ ಇನ್ನೊಂದು. ನೀನು ಸಣ್ಣ ಪೈಪಿನದ್ದು ಆರಿಸಿದೆ. ಜಾಣೆ, ನನ್ನ ರಕ್ತ! ಅದರ ಲೆಕ್ಕದಲ್ಲಿ ಬೀದಿಯ ಕೊನೇ ಮನೆಗೂ ಗ್ಯಾಸ್ ಚೆನ್ನಾಗಿ ಬರಬೇಕು. ಕೊನೇ ಮನೆ ನಮ್ಮದೇ. ಇಲ್ಲಿ ಒಲೆ ಪೈಪಿಗೆ ಒತ್ತಡ ಅಳೆಯೋ ಗೇಜು ಹಾಕಿ ನೋಡಿದರೆ ಮುಳ್ಳು ನೆಲ ಕಚ್ಚಿದೆ. ನಿನ್ನ ಸೂತ್ರವೇ ತಪ್ಪು ಅಂತಾರೆ ನಿಮ್ಮ ಸಾಹೇಬರು. ಮುಖ ಸಣ್ಣ ಮಾಡಬೇಡ. ಎರಡು ಸೂತ್ರದ ಉತ್ತರ ಕೂಡಿಸಿ ಅರ್ಧ ಮಾಡಿ ಕೊಟ್ಟುಬಿಡು, ನಮ್ಮ ಕಾಲದಲ್ಲಿ...

ಬೇಡವಾ? ಬಿಡು.

ಒಲೆ ಮೇಲಿನ ಹಾಲಿನ ಕಡೆ ಯಾಕೆ ನೋಡ್ತೀ? ಅದು ಉಕ್ಕಲ್ಲ. ಇನ್ನೊಂದು ಸಲ ಹಾಲು ಉಕ್ಕಿಸಿದರೆ ನಾನು ಒಲೆ ಮುಟ್ಟೋ ಹಾಗಿಲ್ಲ, ಅವಳು ಕೊಟ್ಟಾಗಲೇ ಟೀ ಕುಡೀಬೇಕು ಅಂತ ನಿಮ್ಮಮ್ಮನ ಅಪ್ಪಣೆ. ಅವತ್ತಿಂದ ಒಂದು ಹನಿ ಚೆಲ್ಲಿದೆಯಾ? ಕೈಗುಣ ಅಂದರೆ ಅದು. ಆದರೂ ಅವಳಿಗೆ ಸಮಾಧಾನ ಇಲ್ಲ. ಉರಿ ಸಾಲದು ಅಂತ ದಿನಾ ನಿಮ್ಮ ಕಂಪನಿಗೆ ಶಾಪ ಹಾಕ್ತಾಳೆ.

ಏನಂದೆ? ಬೀದಿ ಅಗೀತಾರಾ? ನಾಳೆಯೇ? ದಪ್ಪ ಪೈಪು ಹಾಕೋವರೆಗೆ ಎಲ್ಲರ ಮನೆ ಒಲೇನೂ ಬಂದ್?

ಅಷ್ಟಕ್ಕೆಲ್ಲ ಯಾಕೆ ಪುಟ್ಟಿ... ಒಂದು ಕೆಲಸ ಮಾಡು. ಒಲೆ ಆರಿಸಿ ಅಳೆ. ಮುಳ್ಳು ತಾನಾಗೇ ಏಳುತ್ತೆ. ನನಗೆ ಹೇಗೆ ಗೊತ್ತು ಅಂದರೆ... ಅನುಭವ.

ಹಾಗೆ ನೋಡಬೇಡ. ಲೈನಿನ ಹತ್ತಿರ ಹುಲಿಯೊಂದು ಹೀಗೇ ನೋಡಿತ್ತು. ನಾನು ದುರುಗುಟ್ಟಿದ್ದಕ್ಕೆ ಅದೇ ತಲೆ ತಗ್ಗಿಸಿ ಹೋಯ್ತು. ನೀನೂ ತಗ್ಗಿಸು.

ಯಾಕೆ ಎದ್ದೆ? ಅಲ್ಲೇನಿದೆ, ಹಿಟ್ಟಿನ ಡಬ್ಬ. ಸರಿಸಬೇಡ, ಜಿರಳೆ ಇದೆ. ದೊಡ್ಡ ಜಿರಳೆ...

ಹೂಂ. ಒಲೆ ಪೈಪಿನ ವಾಲ್ವು. ಮುಕ್ಕಾಲು ಮುಚ್ಚಿದೆ, ನನಗೂ ಕಾಣ್ತದೆ. ಯಾರು ಮುಚ್ಚಿದ್ದು ಅಂತ ಕೇಳಬೇಡ.

ನೀನೇನೂ ಕೇಳಲಿಲ್ಲ, ಅದೇ ಕಷ್ಟ. ಕೇಳಿದ್ದರೆ ಏನಾದರೂ ಹೇಳ್ತಿದ್ದೆ.

ನಿಮ್ಮಮ್ಮ ಹೋಗ್ತಾ ಬರ್ತಾ ಉರಿ ದೊಡ್ಡದು ಮಾಡ್ತಾಳೆ ಕಣೇ. ನಾನು ಮಾತಿಗೆ ಕೂತರೆ ಒಲೆ ನೆನಪಿರಲ್ಲ. ಹೀಗೆ ತಿರುಗಿಸಿಟ್ಟರೆ ಯಾರೇನು ಮಾಡಿದರೂ ಉಕ್ಕಲ್ಲ. ಅದಕ್ಕೆ ಬೀದಿ ಅಗೀತಾರೆ ಅಂತ ಯಾರಿಗೆ ಗೊತ್ತಿತ್ತು?

ತಿರುಗಿಸು, ಪೂರ್ತಿ ತಿರುಗಿಸು. ಎದ್ದಿತಾ ಮುಳ್ಳು? ನಿನ್ನ ಸೂತ್ರ ಹೇಳಿದಷ್ಟಕ್ಕೇ ಬಂತಾ? ನಾನು ಮೊದಲೇ ಹೇಳಲಿಲ್ಲವಾ, ಜಾಣೆ ಅಂತ! ಫೋನ್ ಮಾಡು ನಿಮ್ಮ ಸಾಹೇಬರಿಗೆ, ಪೈಪಿಗೆ ಏನೂ ಆಗಿಲ್ಲ, ಬೀದಿ ಮುಟ್ಟಬೇಡಿ ಅಂತ ನಮ್ಮ ತಾತನೇ ಕಂಡುಹಿಡಿ...

ಪುಟ್ಟಿ, ಹಾಲು. ಹಾಲು!

...ಬಟ್ಟೆ ಕೊಡು ಇಲ್ಲಿ. ಬಾಗಿಲ ಹತ್ತಿರ ಯಾರೋ ಚಪ್ಪಲಿ ಬಿಡ್ತಿದ್ದಾರೆ. ನಿಮ್ಮಮ್ಮನೇ. ಉಕ್ಕಿಸಿದ್ದು ನೀನು ಅಂತ ಹೇಳ್ತೀಯಲ್ಲ?

ಪುಟ್ಟಿ... ಈಗಲಾದರೂ ಮಾತಾಡು.