ನೆದ್ಯಾಲ್ಕಾಳ ಏಳು

ಗಾಬ್ರೊವೊ ಪಟ್ಟಣದಲ್ಲಿ ಅಂಗಿಗಳ ಮೇಲೆ ಅಂಕಿ, ಹೆಸರು ಮುದ್ರಿಸುವ ಅಂಗಡಿಯ ಸಾಲಿನಲ್ಲಿ ನಿಂತ ರಾಲಿತ್ಸಾ, ಮುಂದಿದ್ದ ಇಬ್ಬರು ಅಜ್ಜಿಯರ ಮಾತಿಗೆ ಕಥೆ ಕೇಳುವವಳಂತೆ ಕಿವಿಗೊಟ್ಟಳು. ಅವರ ಕೈಯಲ್ಲಿ ಬಟ್ಟೆ ಗಿರಣಿಯ ಹಳೆಯ ವಾಲಿಬಾಲ್ ತಂಡದ ಫೋಟೋ ಇತ್ತು.

"ಅಂಕಿ ಹಿಂಗೇ ದಪ್ಪಗಿರ್ಲಿ ದೋಂಕಾ, ಬರೀ ಅಂಚು, ಒಳಗೆ ಖಾಲಿ. ಆಗ ನಾವು ಹೊಲ್ಕೊಂಡಿದ್ವಲ್ಲ, ಹಂಗೆ."

"ಕಪ್ ಗೆದ್ಮೇಲೆ ಒಳಗೆ ಕೆಂಪು ಬಟ್ಟೆ ತುಂಬೋಣ ಅಂದಿದ್ಳು ನಮ್ಮ ಏಳನೇ ನಂಬರ್ ನೆದ್ಯಾಲ್ಕಾ."

"ಗೆದ್ದಿದ್ರೆ ತಾನೇ! ನಿನ್ ಸರ್ವ್ ನೆಟ್ಟೇ ದಾಟ್ತಿರ್ಲಿಲ್ಲ."

"ಸಾಕು ಸುಮ್ನಿರೇ ತ್ಸೋಂಕಾ. ಆಸ್ಪತ್ರೇಲಿ ಮಲಗಿರೋಳಿಗೆ ಖಾಲಿ ಏಳು ಕೊಡೋದಾ? ಇನ್ನೊಂದು ವಾರ ಬದುಕಿದ್ರೆ ಹೆಚ್ಚು ಅಂದ್ರಲ್ಲ ಡಾಕ್ಟ್ರು."

ತ್ಸೋಂಕಾ ಫೋಟೋದಲ್ಲಿದ್ದ ಏಳರ ಮೇಲೆ ಬೆರಳಿಟ್ಟಳು.

"ಹಂಗಾದ್ರೆ ಅವಳದ್ದು ತುಂಬ್ಸು. ಅವತ್ತು ಗೆದ್ದಿದ್ದು ನಾವೇ, ಸ್ಕೋರ್ ತಪ್ಪಾಗಿ ಬರ್ದಿದ್ರು ಅಂತ ಹೇಳೋಣ."

"ನಂಬ್ತಾಳೇನೇ?"

"ಎಲ್ಲಿ ನಂಬ್ತಾಳೆ! ನಗ್ತಾಳೆ."

ಇಬ್ಬರೂ ಕೈ ಹಿಡಿದುಕೊಂಡು ಕೌಂಟರಿನತ್ತ ನಡೆದರು.